ನುಗ್ಗೆಮರದಲ್ಲಿ ತೂಗುತ್ತಿರುವ ನಿಂಬೆಹಣ್ಣಿನವರ ಸನ್ನಿಧಾನಕ್ಕೆ

ಶಾಗ್ಯದ ನಮ್ಮ ಹಿತ್ತಲಿನ ನುಗ್ಗೆಮರದಲ್ಲಿ ಕೆಂಪು ದಾರಕ್ಕೆ ಜೋತುಬಿದ್ದು, ಗಾಳಿ ಬೀಸಿದರೆ ತೂಗುತ್ತ, ಬೀಸದಿದ್ದರೆ ನನ್ನನ್ನೇ ದಿಟ್ಟಿಸುತ್ತ ವಿರಾಜಮಾನರಾಗಿರುವ ಮಾನ್ಯ ನಿಂಬೆಹಣ್ಣಿನವರಿಗೆ, ಪ್ರಭುಸ್ವಾಮಿಯವರ ಮಗಳು ಪವಿತ್ರ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಇವತ್ತು ಅಪ್ಪನ ಬಕೀಟೂ ತೂತಾಯಿತು. ಬೆಳಿಗ್ಗೆಯಿಂದ ತಮಗೆಂದು ನನ್ನ ಏರ್‌ಗನ್ನಿನಿಂದ ಹಾರಿಸಿದ ಗುಂಡುಗಳೆಲ್ಲ ತಮ್ಮ ಪಾದದ ಕೆಳಗೆ ಹಾದು ಹಿಂದಿನ ಮಣ್ಣುಗೋಡೆ ಸೇರಿದವೆಂದೂ, ದಾರಿ ತಪ್ಪಿದ ಒಂದು ಮಾತ್ರ ಗೋಡೆಗೆ ಒರಗಿಸಿದ್ದ ಬಕೀಟನ್ನು ಹೊಕ್ಕಿತೆಂದೂ, ಅದರಲ್ಲೇ ಎಮ್ಮೆಗೆ ನೀರು ಒಯ್ದ ಅಪ್ಪ ಕೊಟ್ಟಿಗೆ ತಲುಪುವಷ್ಟರಲ್ಲಿ ನೀರೆಲ್ಲ ಅವರ ಪಂಚೆಗೇ ಸಂದಾಯವಾಗಿತ್ತೆಂದೂ, ಎಮ್ಮೆಯು ಮೊದಲು ಖಾಲಿ ಬಕೀಟನ್ನು, ಆಮೇಲೆ ಅಪ್ಪನನ್ನು, ಕೊನೆಗೆ ನನ್ನನ್ನು ನೋಡಿ ತಲೆ ತಿರುಗಿಸಿಕೊಂಡಿತೆಂದೂ ನಾನು ಬಿಡಿಸಿ ಹೇಳಬೇಕಾಗಿಲ್ಲ. ತಾವು ಎಲ್ಲವನ್ನೂ ಮೇಲಿನಿಂದಲೇ ಕಂಡಿದ್ದೀರಿ. ಕಂಡೂ ಒಂದಿಷ್ಟು ಕೆಳಗಿಳಿಯುವ ಸೌಜನ್ಯ ತೋರಲಿಲ್ಲ ಎಂಬುದಷ್ಟೇ ನನ್ನ ಕೊರಗು.

ಮಲಗಿದರೆ ಕಣ್ಣು ಮುಚ್ಚಿದೊಡನೆ ತಾವೇ ಬಂದು ತೂಗುತ್ತೀರಿ. ಆದಕಾರಣ ಎದ್ದು ಕುಳಿತು ಈ ಅಹವಾಲನ್ನು ಫೋನಿಗೆ ಹೇಳುತ್ತಿದ್ದೇನೆ. ಕೇಳಿಸಿಕೊಂಡು ನೆಟ್ಟಗಿನ ಕನ್ನಡದಲ್ಲಿ ಬರೆಯುವವಳು ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಬಿ.ಎ. ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳು ರಮ್ಯ. “ಅಕ್ಕೋ, ಉಸ್ರು ಬುಡಕ್ಕೋ, ಚುಕ್ಕಿ ಎಲ್ ಮಡುಗ್ಲಿ?” ಎಂದು ಅವಳು ಆಗಲೇ ದೂರಿದ್ದಾಳೆ. ಏನು ಮಾಡಲಿ, ಈ ಏರ್‌ಗನ್ನು ನನಗೆ ಉಸಿರು ಹಿಡಿಯುವುದನ್ನು ಕಲಿಸಿದೆಯೇ ಹೊರತು ಬಿಡುವುದನ್ನಲ್ಲ.

ತಮಗೆ ನನ್ನ ಪರಿಚಯ ಸರಿಯಾಗಿ ಆಗಿಲ್ಲ. ನಾನು ಹೊಸೂರಿನ ಫೋನ್ ಕಾರ್ಖಾನೆಯಲ್ಲಿ ಎಳ್ಳಿನಷ್ಟು ಸಣ್ಣ ತಿರುಪುಗಳನ್ನು ಅವುಗಳ ತೂತಿಗೆ ಕೂರಿಸುವವಳು. ಅಲ್ಲಿ ಕೈ ಅಲುಗದಿದ್ದರೆ ಯಾರೂ ಶಭಾಷ್ ಅನ್ನುವುದಿಲ್ಲ. ಅಲುಗಿದರೆ ಮಾತ್ರ ಹೆಸರು ಹಿಡಿದು ಕೂಗುತ್ತಾರೆ. ಅಂಥ ಕೈಯನ್ನು ತೆಗೆದುಕೊಂಡು ಒಂದು ಸಂಜೆ ಗೆಳತಿಯರ ಜೊತೆ ವಸ್ತುಪ್ರದರ್ಶನಕ್ಕೆ ಹೋಗಿ, ಬಲೂನಂಗಡಿಯ ಬಂದೂಕು ಹಿಡಿದು, ಒಂದು ಸಾಲು ಬಲೂನುಗಳನ್ನು ಮೊದಲಿಂದ ಕೊನೆಯವರೆಗೆ ಒಡೆದಾಗ ಅಂಗಡಿಯವನು “ಪೋದುಮ್ಮಾ, ಪೋದುಂ” ಎಂದು ಕೈ ಮುಗಿದುಬಿಟ್ಟ. ಸಾಕು ತಾಯಿ ಅಂದ, ಅಷ್ಟೇ. ಆದರೆ ನನ್ನ ಕೈಗೆ ಯಾರಾದರೂ ಕೈ ಮುಗಿದದ್ದು ಅದೇ ಮೊದಲು. ಆವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೈಸೂರಿನ ಒಂದು ರೈಫಲ್ ಕ್ಲಬ್ಬಿನವರು ಈ ಭಾನುವಾರ ಹೊಸಬರನ್ನು ಆರಿಸುತ್ತಾರೆ, ಆಯ್ಕೆಯಾದವರಿಗೆ ರಜೆಯ ದಿನಗಳಲ್ಲಿ ಪುಕ್ಕಟೆ ಕಲಿಸುತ್ತಾರೆ, ಆದರೆ ಏರ್‌ಗನ್ನನ್ನು ಅವರವರೇ ತರಬೇಕು ಎಂದು ತಿಳಿದದ್ದೇ ತಡ, ಮೈಸೂರಿಗೆ ಹೋಗಿ ಕೊಂಡೇಬಿಟ್ಟೆ. ಅಂಗಡಿಯವರು ನಳಿಗೆಯನ್ನು ಮಡಚಿ ಗುಂಡು ತುಂಬುವುದನ್ನು ತೋರಿಸಿದರು, ಮನುಷ್ಯರ ಕಡೆಗೂ ಪ್ರಾಣಿಗಳ ಕಡೆಗೂ ತಿರುಗಿಸಕೂಡದೆಂದು ಪ್ರಮಾಣ ಮಾಡಿಸಿಕೊಂಡರು. ಹಣ್ಣುಗಳ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಜೆ ಹಾಕಿ, ಊರಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿ, ಇಲ್ಲಿಂದಲೇ ಮೈಸೂರಿನ ಬಸ್ಸು ಹತ್ತುವುದೆಂದು ಬಂದೆ. ಬಂದು ತಮ್ಮ ಕೈಗೆ ಸಿಕ್ಕಿಹಾಕಿಕೊಂಡೆ.

ನಮ್ಮ ಮನೆಗೆ ಏನೇ ಹೊಸ ಮಿಷಿನ್ನು ಬಂದರೂ ಅವ್ವ ಪೂಜೆ ಮಾಡದೆ ಮುಟ್ಟಗೊಡುವುದಿಲ್ಲ. ಟಿಲ್ಲರ್‌ಗೆ ಮಾಡಿದಳು, ಮಿಕ್ಸಿಗೆ ಮಾಡಿದಳು, ಏರ್‌ಗನ್ನಿಗೂ ಅಷ್ಟೇ ಭಕ್ತಿಯಿಂದ ಮರದ ಹಿಡಿಗೆ ಮೂರೆಳೆ ವಿಭೂತಿ ಬಳಿದು, ನಳಿಗೆಯ ತುದಿಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿದಳು. ಕೊನೆಗೆ ನಿಂಬೆಹಣ್ಣು ಕೈಗೆತ್ತಿಕೊಂಡು ಅವಳೂ ಒಂದು ಗಳಿಗೆ ಯೋಚನೆಗೆ ಬಿದ್ದಳು. “ಟಿಲ್ಲರ್‌ಗಾದ್ರೆ ಗಾಲಿ ಕೆಳಕ್ ಮಡುಗಿ ಒಡೆಸ್ದೊ. ಇದ್ಕೆ ಗಾಲಿ ಇಲ್ವಲ್ಲವ್ವ?” ಎಂದಳು. ಯೋಚಿಸಿದಳು. “ಅಂಗಾರೆ ಇದ್ರ ಗುಂಡೇ ಒಡೀಲಿ. ಒಡಿಯಗಂಟ ಪೂಜೆ ಮುಗಿಯಕಿಲ್ಲ. ಪೂಜೆ ಮುಗಿಯಗಂಟ ಇದು ತಲೆಬಾಗ್ಲ ಒಸ್ಲು ದಾಟಕೂಡ್ದು” ಎಂದು ತೀರ್ಪು ಕೊಟ್ಟು ತಮ್ಮನ್ನು ಈ ಪದವಿಯಲ್ಲಿ ಕೂರಿಸಿದಳು. ದಾರ ಸಾಲದೆ ಹೋದಾಗ ಅಪ್ಪ ಇನ್ನೊಂದು ತುಂಡು ಸೇರಿಸಿ, ತಮ್ಮ ನೆತ್ತಿಯಿಂದ ಒಂದು ಗೇಣು ಮೇಲೆ ಗಂಟು ಹಾಕಿದರು. ನಾನು ನಕ್ಕೆ. ಬಲೂನಿನ ಸಾಲನ್ನೇ ಮುಗಿಸಿದವಳಿಗೆ ಒಂದು ನಿಂಬೆಹಣ್ಣು ಯಾವ ಲೆಕ್ಕ ಎಂದು ನಕ್ಕ ಆ ನಗುವಿಗೆ ತಮ್ಮಲ್ಲಿ ಈ ಮೂಲಕ ಬೇಷರತ್ ಕ್ಷಮೆ ಕೋರುತ್ತೇನೆ.

ಮೊದಲ ಗುಂಡಿನ ದಿನವನ್ನು ತಾವೂ ಮರೆತಿರಲಾರಿರಿ. “ಒಸಾ ಮಿಷಿನ್ನು, ಒಣಕ್ಲಲ್ಲಿ ಓಡುಸ್ಬಾರ್ದು ಕಣವ್ವ” ಎಂದು ಅಪ್ಪ ನನಗೆ ಗೊತ್ತಿಲ್ಲದಂತೆ ಅದರ ಹೊಟ್ಟೆಗೆ ಹರಳೆಣ್ಣೆ ಕುಡಿಸಿದ್ದರು. ನಾನು ತಮ್ಮತ್ತ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದೆ. ಢಂ! ಒಳಗಿನ ಗಾಳಿಯ ಒತ್ತಡಕ್ಕೆ ಎಣ್ಣೆ ಹೊತ್ತಿಕೊಂಡು, ನಳಿಗೆಯಿಂದ ನೀಲಿ ಹೊಗೆ ಎದ್ದು, ಹಿತ್ತಲೆಲ್ಲ ಆರಿದ ದೀಪದ ಕಮಟು ಹಿಡಿಯಿತು. ಮುಸುಕಿನ ಜೋಳಕ್ಕೆ ಆನೆ ಬಿತ್ತೆಂದು, ಯಾರೋ ಓಡಿಸಲು ಪಟಾಕಿ ಹಚ್ಚಿದರೆಂದು ತಿಳಿದು ಅರ್ಧ ಊರು ಡಬ್ಬ ಬಡಿಯುತ್ತ ನಮ್ಮ ಹಿತ್ತಲಿಗೆ ನುಗ್ಗಿತು. “ಎಲ್ಲವ್ವ ಆನೆ? ಒಂಟಿಯಾ, ಗುಂಪಾ?” ಎಂದು ಕೇಳಿದವರಿಗೆ ಅಪ್ಪ ಸಂಕೋಚದಿಂದ ತಮ್ಮನ್ನು ತೋರಿಸಿದರು. ಒಂಟಿಯಾಗಿಯೇ ಇದ್ದಿರಿ.

ಪಕ್ಕದ ಮನೆಯ ಪುಟ್ಟಮಲ್ಲಪ್ಪ ಮಾವ ಮಾತ್ರ ನಗಲಿಲ್ಲ. ಅವರ ರೇಷ್ಮೆಹುಳುಗಳು ನಾಲ್ಕನೇ ಜ್ವರ ಮುಗಿಸಿ ಪೊರೆ ಕಳಚಿ ಆಗಷ್ಟೇ ಸೊಪ್ಪಿಗೆ ಬಾಯಿ ಹಾಕುತ್ತಿದ್ದವಂತೆ. “ನಿನ್ ಢಂಗೆ ನಮ್ ಉಳ ಎಲ್ಲಾ ಕತ್ತೆತ್ಕಂಡ್ ಕೂತವೆ ಕಣವ್ವ, ಮೇಯ್ತಾನೇ ಇಲ್ಲ. ಗೂಡು ಚಿಕ್ಕದಾದ್ರೆ ಮಾರ್ಕೆಟ್ಟಲ್ಲಿ ನೀನೇ ಬಂದು ನಿಂತ್ಕ” ಎಂದರು. ಎಣ್ಣೆ ಉರಿದು ಮುಗಿದು ಸದ್ದು ಅಡಗಿದ ಮೇಲೂ ಅವರು ದಿನಾ ಬೇಲಿಗೆ ಮೊಣಕೈ ಊರಿ ನನ್ನ ವಿದ್ಯಾಭ್ಯಾಸವನ್ನು ಪರಿಶೀಲಿಸುತ್ತಾರೆ.

ಮಾನ್ಯರೇ, ತಮ್ಮ ಸ್ಥೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಗುಂಡಿನ ಮಳೆಗೆ ಮೇಲಿದ್ದ ನುಗ್ಗೆ ಹೂವು ಹೆದರಿ ಉದುರಿತು, ಬೇಲಿಯ ಓತಿ ಮನೆ ಬದಲಾಯಿಸಿತು, ತಾವು ಮಾತ್ರ ಸಭೆಯ ಅಧ್ಯಕ್ಷರಂತೆ ಕದಲದೆ ಇದ್ದೀರಿ. ಆದರೆ ಒಂದು ವಿಷಯದಲ್ಲಿ ತಾವು ನ್ಯಾಯವಾಗಿ ನಡೆದುಕೊಂಡಿಲ್ಲ. ಕಟ್ಟಿದ ದಿನ ಅವ್ವನ ಮುಷ್ಟಿ ತುಂಬುವಷ್ಟಿದ್ದವರು ಬಿಸಿಲಿಗೆ ದಿನೇ ದಿನೇ ಒಣಗಿ, ಸುಕ್ಕಾಗಿ, ಈಗ ಜಾಯಿಕಾಯಿಯಷ್ಟಾಗಿದ್ದೀರಿ. ಕಲಿಯುವವಳ ಗುರಿ ದಿನವೂ ಕುಗ್ಗುತ್ತ ಹೋದರೆ ಅವಳು ಯಾರಲ್ಲಿ ಹೇಳಿಕೊಳ್ಳಬೇಕು? ಬೇರೆ ಹಣ್ಣು ಕಟ್ಟೋಣವೆಂದರೆ ಅವ್ವ “ಪೂಜೆಗ್ ಇಟ್ಟಿರ ಹಣ್ಣ ಮಧ್ಯದಲ್ ಬದ್ಲಾಯ್ಸ್ತಾರಾ, ಮದ್ಲಿಂಗನ್ನ ಬದ್ಲಾಯ್ಸ್ದಂಗೆ?” ಎನ್ನುತ್ತಾಳೆ. ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ ಒಂದು ದಿನದ ಮಟ್ಟಿಗೆ ಬೂದುಗುಂಬಳವಾಗಿ ಬಡ್ತಿ ಪಡೆಯಬೇಕು. ಅದಾಗದಿದ್ದರೆ ಗಾಳಿ ಬಂದಾಗ ಎಡಕ್ಕೆ ವಾಲುತ್ತೀರೋ ಬಲಕ್ಕೋ ಎಂಬುದನ್ನು ಹಿಂದಿನ ದಿನವೇ ತಿಳಿಸಬೇಕು. ಅದೂ ಕಷ್ಟವೆನಿಸಿದರೆ, ನನ್ನ ಗುಂಡು ಬರುವುದು ಕಂಡಾಗ ಮನೆಗೆ ಬಂದ ನೆಂಟರನ್ನು ಎದುರುಗೊಳ್ಳುವಂತೆ ಎರಡು ಹೆಜ್ಜೆ ಕೆಳಗೆ ಬರಬೇಕು. ಯಾಕೆಂದರೆ ಅದು ಯಾವಾಗಲೂ ಕೆಳಗೇ ಬರುತ್ತದೆ.

ಇಲ್ಲಿಗೆ ಬಂದಾಗ ನನ್ನ ದನಿ ತಗ್ಗಿದ್ದನ್ನು ರಮ್ಯ ಬರೆದುಕೊಳ್ಳುವುದು ಬೇಡ. ಇವತ್ತು ಮಧ್ಯಾಹ್ನ ನಾನು ಏರ್‌ಗನ್ನನ್ನು ಕೆಳಗಿಟ್ಟು, ಬಲೂನು ಒಡೆದದ್ದು ಆಕಸ್ಮಿಕವಿರಬೇಕು, ನನ್ನ ಕೈ ತಿರುಪು ಕೂರಿಸುವುದಕ್ಕೇ ಸರಿ, ಭಾನುವಾರ ನೇರವಾಗಿ ಹೊಸೂರಿನ ಬಸ್ಸು ಹತ್ತೋಣ ಎಂದುಕೊಂಡಿದ್ದೆ. ಆಗ ಬೇಲಿಯಾಚೆಯಿಂದ ಪುಟ್ಟಮಲ್ಲಪ್ಪ ಮಾವ ಅಂದರು: “ನಿಂಬೆಹಣ್ಣ ಬುಟ್ಟು ಆ ಗ್ವಾಡೆ ಮ್ಯಾಲೆ ಅದೇನ್ ದ್ವೇಸವ್ವ ನಿಂಗೆ? ವಸಿ ಅತ್ಲಾಗೂ ಒಡಿ, ಇತ್ಲಾಗೂ ಒಡಿ. ಒಂದೇ ತಾವ ತೋಡ್ತಿದ್ದೀಯಲ್ಲ, ಬಾವಿನಾ?”

ಎದ್ದು ಹೋಗಿ ನೋಡಿದೆ. ಮಾನ್ಯರೇ, ಬಕೀಟಿಗೆ ಹೋದ ಅದೊಂದನ್ನು ಬಿಟ್ಟು ನನ್ನ ಗುಂಡುಗಳೆಲ್ಲ ತಮ್ಮಿಂದ ಒಂದು ಗೇಣು ಕೆಳಗೆ, ಒಂದು ತೆಂಗಿನ ಚಿಪ್ಪು ಮುಚ್ಚುವಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದವು! ನನ್ನ ಕೈ ಅಲುಗಿರಲಿಲ್ಲ. ಒಂದು ಸಲವೂ ಅಲುಗಿರಲಿಲ್ಲ. ನಾನು ಗೋಡೆಯ ಮುಂದೆ ಕುಣಿದದ್ದನ್ನು ಎಮ್ಮೆ ನೋಡಿದೆ, ಬೇಕಾದರೆ ಸಾಕ್ಷಿ ಹೇಳಲಿ.

ಕೈ ಸರಿಯಿದ್ದ ಮೇಲೆ ತಪ್ಪಿರುವುದು ಏರ್‌ಗನ್ನಿನಲ್ಲೇ ಎಂದು ತಿರುಗಿಸಿ ನೋಡಿದರೆ, ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಜೋಳದ ಕಾಳಿನಷ್ಟು ಉಬ್ಬಿನ ಮೇಲೆ ಅವ್ವ ಎಣ್ಣೆಯಲ್ಲಿ ಕಲಸಿ ಇಟ್ಟ ಕುಂಕುಮ ಒಣಗಿ ಇನ್ನೊಂದು ಗುಡ್ಡವಾಗಿ ಕೂತಿದೆ. ಇಷ್ಟು ದಿನ ನಾನು ಉಬ್ಬಿನ ತುದಿ ಎಂದು ನಂಬಿ ತಮಗೆ ಹೊಂದಿಸುತ್ತಿದ್ದದ್ದು ಕಬ್ಬಿಣವನ್ನಲ್ಲ, ಆ ಗುಡ್ಡವನ್ನು. ಗುಡ್ಡ ಎತ್ತರವಾದಷ್ಟೂ ನಳಿಗೆ ತಲೆ ತಗ್ಗಿಸುತ್ತದೆ. ಒರೆಸುತ್ತೇನೆ ಅಂದರೆ ಅವ್ವ “ಪೂಜೆ ಮುಗಿಯಗಂಟ ಕುಂಕುಮ ಅಳುಸ್ತಾರೇನವ್ವ!” ಎಂದು ಎದೆ ಮುಟ್ಟಿಕೊಂಡಳು. ಗುರಿ ಏರಿಳಿಸುವ ಹಿಂದಿನ ತಿರುಪನ್ನಾದರೂ ತಿರುಗಿಸುತ್ತೇನೆ ಅಂದರೆ “ಪೂಜೆಗ್ ಕೂತಿರದ್ಕೆ ತಿರುಪುಳಿ ಆಕ್ತಾರಾ?” ಎಂದಳು. ಹೀಗೆ ತಾವು ಒಡೆಯದೆ ಪೂಜೆ ಮುಗಿಯದು, ಪೂಜೆ ಮುಗಿಯದೆ ಕುಂಕುಮ ಹೋಗದು, ಕುಂಕುಮ ಹೋಗದೆ ತಾವು ಒಡೆಯುವುದಿಲ್ಲ. ಕೊಳ್ಳೇಗಾಲದ ಎಲ್ಲ ಆಫೀಸುಗಳ ಬಾಗಿಲು ತಿರುಗಿದರೂ ಇಷ್ಟು ದುಂಡಗಿನ ಕಾನೂನು ಕಾಣಸಿಗುವುದಿಲ್ಲ.

ಆದ್ದರಿಂದ ಕೊನೆಯ ವಿನಂತಿ. ನಾಳೆ ಶನಿವಾರ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ನಾನು ಬರುತ್ತೇನೆ. ಆದರೆ ತಮ್ಮತ್ತ ನೋಡುವುದಿಲ್ಲ. ತಮ್ಮಿಂದ ಒಂದು ಗೇಣು ಮೇಲಿರುವ ಅಪ್ಪನ ಗಂಟನ್ನು ನೋಡುತ್ತೇನೆ. ಇದರಿಂದ ತಮ್ಮ ಮೇಲಿನ ಗೌರವ ಕಡಿಮೆಯಾಯಿತೆಂದು ದಯವಿಟ್ಟು ಭಾವಿಸಬಾರದು.

ಕಣ್ಣು ಬೇರೆಡೆ ಇಟ್ಟರೂ ಮನಸ್ಸು ತಮ್ಮಲ್ಲೇ ಇಟ್ಟಿರುವ
ತಮ್ಮ ವಿಶ್ವಾಸಿ,
ಪವಿತ್ರ

ಮತ್ತೊಂದು ಮಾತು: ಇದನ್ನು ಮೈಸೂರಿಗೆಂದು ಹತ್ತಿದ ಕೊಳ್ಳೇಗಾಲದ ಬಸ್ಸಿನಿಂದ ಹೇಳುತ್ತಿದ್ದೇನೆ. ತಾವು ಈಗ ಎರಡು ಹೋಳಾಗಿರುವುದರಿಂದ ಪತ್ರವನ್ನು ಯಾವ ಹೋಳಿಗೆ ತಲುಪಿಸುವುದೆಂದು ರಮ್ಯ ಕೇಳುತ್ತಿದ್ದಾಳೆ. ಗಂಟು ನೋಡಿದೆ, ಉಸಿರು ಹಿಡಿದೆ, ಠಪ್ ಅಂದಿತು. ತಮ್ಮ ಒಂದು ಭಾಗ ದಾರದಲ್ಲೇ ಉಳಿಯಿತು, ಇನ್ನೊಂದು ಎಮ್ಮೆಯ ಕಲಗಚ್ಚಿಗೆ ಬಿತ್ತು. ಎಮ್ಮೆ ಮೂತಿ ಹಾಕಿ ನೋಡಿ, ಮುಖ ಹುಳ್ಳಗೆ ಮಾಡಿ, ಬಕೀಟಿನ ಸೇಡು ಇಲ್ಲಿಗೆ ತೀರಿತೆಂಬಂತೆ ಮಲಗಿತು. ಅಪ್ಪ ಪಂಚೆ ಎತ್ತಿಕಟ್ಟಿ ಕೂಗಿದರು. “ಸದ್ಯ, ನಮ್ ಉಳ ಇನ್ನಾದ್ರೂ ಸೊಪ್ ತಿಂದವು” ಎಂದು ಪುಟ್ಟಮಲ್ಲಪ್ಪ ಮಾವ ನೊರಜುಗಲ್ಲೊಂದನ್ನು ಗೋಡೆಗೆ ಎಸೆದು ಸಂಭ್ರಮಿಸಿದರು.

ಆದರೆ ಅವ್ವ! ನಾನು ಬೇಡವೆನ್ನುವಷ್ಟರಲ್ಲಿ “ಪೂಜೆ ಮುಗೀತು ಕಣವ್ವ” ಎಂದು ಖುಷಿಯಿಂದ ಸೆರಗು ತೆಗೆದು ಆ ಕುಂಕುಮವನ್ನು ಉಜ್ಜಿ ಉಜ್ಜಿ ಒರೆಸಿಬಿಟ್ಟಳು. ಮಾನ್ಯರೇ, ನಾನು ಕಲಿತಿದ್ದದ್ದೇ ಆ ಕುಂಕುಮದ ಗುಡ್ಡ ನೋಡಿ, ಒಂದು ಗೇಣು ಮೇಲೆ ಗುರಿಯಿಟ್ಟು ಹೊಡೆಯಲು. ಅದಿಲ್ಲದ ಏರ್‌ಗನ್ನು ನನಗೆ ಗುರುತೇ ಸಿಗಲಿಲ್ಲ. ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಅದರ ಪೆಟ್ಟಿಗೆಯನ್ನೂ ಹಿಡಿದು ಹೊಸ್ತಿಲಿಗೆ ಬಂದಾಗ ಅವ್ವ ತಡೆದಳು: “ನಿಂತ್ಕ. ಒಸ್ಲು ದಾಟೋ ವಸ್ತುವ ಬೋಳಾಗಿ ಕಳುಸ್ತಾರಾ?” ಎಂದು ಒಳಗೆ ಹೋಗಿ, ಕುಂಕುಮ ಕಲಸಿ ತಂದು, ಅದೇ ಹೆಬ್ಬೆಟ್ಟಿನಿಂದ, ಅದೇ ಜಾಗಕ್ಕೆ, ಅಷ್ಟೇ ಎತ್ತರಕ್ಕೆ ಇಟ್ಟಳು. ಬಸ್ಸಿನಲ್ಲಿ ಪೆಟ್ಟಿಗೆ ಒಂದಿಷ್ಟು ತೆರೆದು ನೋಡಿಕೊಂಡೆ; ನನ್ನ ಕೆಂಪು ಗುಡ್ಡ ಇದೆ.

ದಾರಿಗೆಂದು ಅವ್ವ ಇನ್ನೊಬ್ಬ ನಿಂಬೆಹಣ್ಣಿನವರನ್ನು ಚೀಲದಲ್ಲಿ ಕೂರಿಸಿದ್ದಾಳೆ. ತಮ್ಮ ಸಂಬಂಧಿಕರೇ ಇರಬೇಕು. ತಮ್ಮ ಸುದ್ದಿ ಮುಟ್ಟಿದೆಯೋ ಏನೋ, ಬಲು ವಿನಯದಿಂದ ಕೂತಿದ್ದಾರೆ. ಆಯ್ಕೆ ಏನಾಯಿತೆಂದು ತಿಳಿಯುವ ಆಸೆ ಯಾವ ಹೋಳಿಗಿದ್ದರೂ ನಾಳೆ ಭಾನುವಾರ ಹನ್ನೊಂದೂವರೆಗೆ ಫೋನ್ ಮಾಡಬಹುದು. ಅದಕ್ಕೆ ಮುಂಚೆ ದಯವಿಟ್ಟು ಬೇಡ, ಉಸಿರು ಹಿಡಿದಿರುತ್ತೇನೆ. ಹನ್ನೊಂದೂವರೆಗೆ.