ಸಿನಿಮಾ ಆದ ನನ್ನ ಕಾದಂಬರಿಯೂ ಅಕ್ಕ ಆಡದ ಮಾತೂ

ಕಾದಂಬರಿ ಬರೆದವನಿಗೆ ವರ್ಷಕ್ಕೊಮ್ಮೆ ಮುಖಭಂಗವಾಗುವುದು ರೂಢಿಯ ಮಾತು. ಅದೇ ಕಾದಂಬರಿ ಸಿನಿಮಾ ಆಯಿತೋ, ಮುಗಿಯಿತು. ಕಾಯಿಪಲ್ಯ ತರಲು ಹೋದರೂ ಒಂದು, ಕ್ಷೌರಕ್ಕೆ ಕೂತರೂ ಒಂದು. ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೆ. ಐವತ್ತರ ದಶಕದ ಕೊನೆಗೆ, ಆರು ವರ್ಷ ಕೂತು, ಒಂದು ಕಾದಂಬರಿ ಬರೆದೆ, ಅರವತ್ತರ ಮೊದಲಿಗೆ ಅದು ಸಿನಿಮಾ ಆಯಿತು. ಆಮೇಲೆ ನಡೆದದ್ದನ್ನು ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಈಗಲೂ ನಗು ಬರುವುದಿಲ್ಲ, ಹೇಳದೆ ಇರಲೂ ಆಗುವುದಿಲ್ಲ.

ಮೊದಲು ಅಕ್ಕನ ವಿಷಯ ಹೇಳಿಬಿಡುತ್ತೇನೆ. ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ನಾನು ತೊಟ್ಟಿಲಲ್ಲಿದ್ದೆ. ಅವ್ವ ಬೇಗ ತೀರಿಕೊಂಡಳು. ನನ್ನನ್ನು ಎತ್ತಿ ಆಡಿಸಿದವಳು, ಟ್ರೇನಿಂಗ್ ಮುಗಿಸಿ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತ ನನ್ನನ್ನು ಓದಿಸಿದವಳು ಅಕ್ಕ. ಕಾದಂಬರಿಯ ನಾಯಕಿ ಅವಳೇ. ಹೆಸರು ಬದಲಿಸಿದ್ದೆ, ಓಣಿ ಬದಲಿಸಿದ್ದೆ, ಕೈಗೊಂದು ನೂಲುವ ರಾಟಿ ಕೊಟ್ಟಿದ್ದೆ, ಅಷ್ಟೇ. ಒಬ್ಬ ಒಳ್ಳೆಯ ಡಾಕ್ಟರ ಮದುವೆಯಾಗುತ್ತೇನೆಂದು ಬರುತ್ತಾನೆ. ಅವಳು ಬೇಡವೆನ್ನುತ್ತಾಳೆ. ಕೊನೆಯ ಪುಟದಲ್ಲಿ ಗರಗವೆಂಬ ಹಳ್ಳಿಯ ಸಾಲಿಗೆ ಕಲಿಸಲು ಒಬ್ಬಳೇ ನಡೆದುಕೊಂಡು ಹೊರಡುತ್ತಾಳೆ. ಆ ಪುಟ ಬರೆದು ನಾನೇ ಅತ್ತಿದ್ದೆ.

ಮೊದಲ ಪ್ರತಿಯನ್ನು ಅಕ್ಕನ ಕೈಗೆ ಕೊಟ್ಟೆ. ಎಂಟು ದಿನ ಓದಿದಳು. ಓದಿ ದೇವರ ಮಾಡದಲ್ಲಿಟ್ಟಳು. "ಹ್ಯಾಂಗದ ಅಕ್ಕಾ?" ಎಂದು ಕೇಳಿದರೆ, "ಅಕ್ಷರ ಭಾಳ ಸಣ್ಣವು" ಎಂದಳು. ಎರಡು ವರ್ಷವಾದರೂ ಅದರ ಮುಂದೆ ಒಂದು ಮಾತಿಲ್ಲ. ಊರು ಏನೆಂದರೂ ನನಗೆ ನಡೆಯುತ್ತಿತ್ತು. ಅಕ್ಕ ಏನನ್ನುತ್ತಾಳೆ ಎಂಬುದೊಂದೇ ನನಗೆ ಬೇಕಾಗಿತ್ತು, ಅದೊಂದೇ ಸಿಗಲಿಲ್ಲ.

ಮದರಾಸಿನವರು ಬಂದರು

ಸಿನಿಮಾ ತೆಗೆಯುವವರು ಮದರಾಸಿನಿಂದ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಮೂಲ ಮೈಸೂರು ಕಡೆಯವರು, ಬಲು ಸವಿಯಾದ ಮಾತು. ಅಕ್ಕ ಅವಲಕ್ಕಿ ಕೊಟ್ಟು ಒಳಗೆ ಹೋದ ಮೇಲೆ ಅವರಲ್ಲಿ ಹಿರಿಯರೊಬ್ಬರು ಮಾತು ತೆಗೆದರು.

"ಕಾದಂಬರಿ ಅದ್ಭುತವಾಗಿದೆ ಸಾರ್. ಒಂದಕ್ಷರ ಮುಟ್ಟುವ ಹಾಗಿಲ್ಲ. ಕೊನೆ ಮಾತ್ರ ಸ್ವಲ್ಪ..."

ನಾನು ನಡುವೆ ಬಾಯಿ ಹಾಕಿದೆ. "ಕೊನೆಗೆ ಏನಾಗೇದರಿ?"

"ಆಕೆ ಹೊರಟುಹೋಗ್ತಾಳಲ್ಲ, ಎಲ್ಲಿಗೆ?"

"ಗರಗಕ್ಕ."

"ಅಲ್ಲಿ ಏನಿದೆ?"

"ಸಾಲಿ ಅದರಿ."

ಆ ಹಿರಿಯರು ಅವಲಕ್ಕಿಯಲ್ಲಿದ್ದ ಮೆಣಸಿನಕಾಯಿಯನ್ನು ಬದಿಗೆ ಸರಿಸಿ ಬಹಳ ಮರುಕದಿಂದ ನನ್ನನ್ನು ನೋಡಿದರು. "ನೀವು ಮೇಷ್ಟ್ರು, ನೀವೇ ಹೇಳಿ ಸಾರ್. ಪುಕ್ಕಟೆ ಇದ್ದರೇ ಜನ ಸ್ಕೂಲಿಗೆ ಬರೋದಿಲ್ಲ. ಟಿಕೆಟ್ ತಗೊಂಡು ಬರ್ತಾರಾ?"

ಹದಿನೈದು ವರ್ಷ ಹಾಜರಿ ಕೂಗಿದವನು ನಾನು. ಹೌದೆಂದು ತಲೆ ಆಡಿಸಿದೆ. ಡಾಕ್ಟರನ ಜೊತೆ ಅವಳ ಮದುವೆ ಅಂದೇ ನಿಶ್ಚಯವಾಯಿತು, ನನ್ನ ಮನೆಯಲ್ಲಿಯೇ, ನನ್ನ ಅವಲಕ್ಕಿ ತಿಂದು.

ರುಮಾಲು

ಹುಬ್ಬಳ್ಳಿಯಲ್ಲಿ ಸಿನಿಮಾ ಹಾಕಿದ ಮೊದಲ ದಿನ ಹೆಂಡತಿಯನ್ನು ಕರೆದುಕೊಂಡು ಹೋದೆ. ಅಕ್ಕನನ್ನೂ ಕರೆದೆ. "ನಾ ಒಲ್ಲೆ, ನೀವು ಹೋಗಿ ಬರ್ರಿ" ಎಂದಳು. ಆ ಮದುವೆಯನ್ನು ಅವಳು ನೋಡುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೆ ಸಮಾಧಾನವೇ ಆಯಿತು.

ಪರದೆಯ ಮೇಲೆ ಹೆಸರುಗಳು ಶುರುವಾದವು. ಸೀರೆ ಕೊಟ್ಟವರ ಹೆಸರು ಬಂತು, ಕುದುರೆ ಗಾಡಿ ಕೊಟ್ಟವರ ಹೆಸರು ಬಂತು. ನನ್ನದು ಬರುವ ಹೊತ್ತಿಗೆ ಸರಿಯಾಗಿ ಮುಂದಿನ ಸಾಲಿನ ಯಜಮಾನರೊಬ್ಬರು ಎದ್ದು ನಿಂತರು, ಬಿಚ್ಚಿದ ರುಮಾಲನ್ನು ಸಾವಕಾಶ ತಲೆಗೆ ಸುತ್ತಿಕೊಂಡರು, ಕೂತರು. ಅಷ್ಟರಲ್ಲಿ ಕಥೆ ಶುರುವಾಗಿ ಪರದೆಯ ಮೇಲೆ ಎತ್ತುಗಳು ಬಂದಿದ್ದವು.

"ನನ್ನ ಹೆಸರು ನೋಡಿದೇನು?" ಎಂದು ಹೆಂಡತಿಯನ್ನು ಕೇಳಿದೆ.

"ಇಲ್ರಿ. ಆದರ ರುಮಾಲು ಭಾಳ ಛಲೋ ಸುತ್ತತಾರ ನೋಡ್ರಿ ಅವರು," ಎಂದಳು.

ಹೆಡ್‌ಮಾಸ್ತರರು ಓದಿದರು

ಆ ಕಾಲದಲ್ಲಿ ಥೇಟರಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಹನ್ನೆರಡು ಪುಟ, ಮೇಲೆ ನಾಯಕಿಯ ಚಿತ್ರ, ಒಳಗೆ ಹಾಡು, ಮೊದಲಿಗೆ ಒಂದೂವರೆ ಪುಟ ಕಥಾಸಾರ. ನನ್ನ ಕಾದಂಬರಿ ಮುನ್ನೂರ ಹತ್ತು ಪುಟ, ಅದು ನನ್ನ ಮಂಚದ ಕೆಳಗೆ ಕಟ್ಟು ಕಟ್ಟಾಗಿ ಮಲಗಿತ್ತು. ಹಾಡಿನ ಪುಸ್ತಕ ಮಾತ್ರ ಧಾರವಾಡದ ಮನೆಮನೆಗೆ ಮುಟ್ಟಿತು. ಸಹಿ ಹಾಕಿರೆಂದು ಜನ ಅದನ್ನೇ ತಂದು ಚಾಚುತ್ತಿದ್ದರು. ನಾನು ಹಾಕುತ್ತಲೂ ಇದ್ದೆ. ನಾಚಿಕೆಗೇಡು, ಆದರೆ ಬೇರೆ ಏನನ್ನೂ ಯಾರೂ ತರುತ್ತಿರಲಿಲ್ಲ.

ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. "ಮಾಸ್ತರ, ನಿಮ್ಮ ಕಾದಂಬರಿ ಓದಿದೆ. ಕುಂತ ಜಾಗಾ ಬಿಟ್ಟು ಏಳಲಿಲ್ಲ ನೋಡ್ರಿ."

ಊರಿನಲ್ಲಿ ಒಬ್ಬರಾದರೂ ಓದಿದರಲ್ಲ. "ಕಡೀಕ ಆಕಿ ತಗೊಂಡ ನಿರ್ಧಾರ ಹ್ಯಾಂಗನಿಸ್ತರಿ?"

"ಅದನ್ನ ನೀವು ಎಲ್ಲಿ ಬರದೀರಿ? 'ಮುಂದೇನಾಯಿತು, ಬೆಳ್ಳಿಪರದೆಯ ಮೇಲೆ ನೋಡಿ ಆನಂದಿಸಿರಿ' ಅಂತ ಬಿಟ್ಟೀರಲ್ಲ."

ನಾನು ಗೋಡೆಯ ಮೇಲಿನ ಭೂಪಟ ನೋಡುತ್ತ ನಿಂತೆ. ಅವರು ಕನ್ನಡಕ ತೆಗೆದು ಒರೆಸುತ್ತ ಸಲಿಗೆಯಿಂದ ಕೇಳಿದರು: "ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಇಷ್ಟು ಬರೀಲಿಕ್ಕೆ ಆರು ವರ್ಷ ಯಾಕ ಹಿಡೀತರಿ?"

ದಿಲ್ಲಿಯ ಪದಕ

ಮರುವರ್ಷ ಒಂದು ಸುದ್ದಿ ಎದ್ದಿತು. ಈ ಸಿನಿಮಾಕ್ಕೆ ದಿಲ್ಲಿಯ ಪದಕ ಬರುವ ಲಕ್ಷಣವಿದೆ ಎಂದು ಪತ್ರಿಕೆಯವರು ಬರೆದರು. ಮರುದಿನ "ಬರುವುದು ಖಚಿತ" ಎಂದು ಬರೆದರು. ಮೂರನೆಯ ದಿನ ನನ್ನ ಕ್ಷೌರಿಕ "ದಿಲ್ಲಿಗೆ ಹೋಗುವಾಗ ಮೀಸಿ ಇರಬೇಕೋ ಬ್ಯಾಡೋ?" ಎಂದು ಕೇಳಿದ. ನಾನು ಬಿಗಿಯಾಗಿ ಕೂತಿದ್ದೆನಾದರೂ ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು: ದಿಲ್ಲಿಯವರೇ ಮೆಚ್ಚಿದರೆ ಅಕ್ಕ ಆಗಲಾದರೂ ಬಾಯಿ ಬಿಟ್ಟಾಳು.

ಧಾರವಾಡದಲ್ಲಿ ಸತ್ಕಾರ ಮಾಡುವುದಕ್ಕೆ ಕಾರಣ ಬೇಕೆಂದಿಲ್ಲ, ಸಭಾಗೃಹ ಸಿಕ್ಕರೆ ಸಾಕು. "ಪದಕ ಬಂದಮ್ಯಾಲೆ ಮಾಡೋಣರಿ" ಎಂದು ನಾನು ಕೈಮುಗಿದೆ. ಹೆಡ್‌ಮಾಸ್ತರರು ಕೇಳಲಿಲ್ಲ. "ತುಳಸೀಲಗ್ನ ಆದ ಮ್ಯಾಲೆ ಮದುವಿ ಶುರು ಆಗತಾವ, ಸಭಾಗೃಹ ಯಾರು ಕೊಡತಾರ? ಈ ರವಿವಾರ ಖಾಲಿ ಅದ. ಪದಕ ಹಿಂದಿಂದ ಬರತದ."

ರವಿವಾರ ಹಾರ ಹಾಕಿದರು, ಶಾಲು ಹೊದಿಸಿದರು. ಅಧ್ಯಕ್ಷರು ಒಬ್ಬ ನಿವೃತ್ತ ವಕೀಲರು. ಊರಿನಲ್ಲಿ ಯಾರೇ ದೊಡ್ಡವರು ತೀರಿಕೊಂಡರೂ ಶೋಕಸಭೆಗೆ ಅವರೇ ಅಧ್ಯಕ್ಷರು, ಇಪ್ಪತ್ತು ವರ್ಷದಿಂದ ಕಾಯಂ. ಅವರು ನನ್ನ ಗುಣಗಾನ ಮಾಡುತ್ತಿದ್ದಾಗ ಯಾರೋ ಬಂದು ಹೆಡ್‌ಮಾಸ್ತರರ ಕಿವಿಯಲ್ಲಿ ಏನೋ ಹೇಳಿದರು. ರೇಡಿಯೋದಲ್ಲಿ ಸುದ್ದಿ ಬಂದಿತ್ತು. ಪದಕ ಬೇರೆ ಯಾವುದೋ ಸಿನಿಮಾಕ್ಕೆ ಹೋಗಿತ್ತು. ಹೆಡ್‌ಮಾಸ್ತರರು ಚೀಟಿ ಬರೆದು ಮುಂದೆ ಸರಿಸಿದರು.

ಅಧ್ಯಕ್ಷರು ಚೀಟಿ ಓದಿ ಮಾತು ನಿಲ್ಲಿಸಿದರು. ಕೆಟ್ಟ ಸುದ್ದಿಯ ಚೀಟಿ ಕೈಗೆ ಬಂದಾಗ ಏನು ಮಾಡಬೇಕೆಂದು ಅವರಿಗೆ ಒಂದೇ ಗೊತ್ತಿತ್ತು. ದನಿ ತಗ್ಗಿಸಿ, "ಈ ದುಃಖದ ಗಳಿಗೆಯೊಳಗ ಎಲ್ಲಾರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕು" ಎಂದರು. ಸಭೆ ಎದ್ದು ನಿಂತಿತು. ನಾನೂ ನಿಂತೆ, ಬೇರೆ ದಾರಿ ಇರಲಿಲ್ಲ.

ತಡವಾಗಿ ಬಂದವರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಕ್ಕದವರಿಗೆ "ಯಾರು ಹೋದ್ರು?" ಎಂದು ಪಿಸುಗುಟ್ಟಿದ್ದು ಇಡೀ ಸಭೆಗೆ ಕೇಳಿಸಿತು. ಪಕ್ಕದವರು ಶಿಸ್ತಿನ ಮನುಷ್ಯರು, ಮೌನ ಮುರಿಯಲಿಲ್ಲ. ಹಾರ ಹಾಕಿಕೊಂಡು ನಿಂತಿದ್ದ ನನ್ನ ಕಡೆಗೆ ಬೆರಳು ಮಾಡಿದರು.

ಹೆಂಗಸರ ಬಾಜು

ಮನೆಗೆ ಹೋದಾಗ ಅಕ್ಕ ಕೇಳಿದ್ದು ಇಷ್ಟೇ: "ಶಾಲು ಬೆಚ್ಚಗದ ಏನು?" ನಾನು ಆವತ್ತು ಆಸೆ ಬಿಟ್ಟೆ.

ಪದಕ ಬರಲಿಲ್ಲ, ಆದರೆ ಪದಕದ ಗದ್ದಲ ನಂಬಿ ಹುಬ್ಬಳ್ಳಿಯ ಥೇಟರಿನವರು ಸಿನಿಮಾವನ್ನು ಎರಡನೆಯ ಸಲ ತರಿಸಿಬಿಟ್ಟಿದ್ದರು. ತಿಂಗಳಾದ ಮೇಲೆ ಆ ಥೇಟರಿನ ಮ್ಯಾನೇಜರರು ಸ್ವತಃ ನಮ್ಮ ಮನೆಗೆ ಬಂದರು.

"ಮಾಸ್ತರ, ನಿಮ್ಮ ಸಿನಿಮಾದಿಂದ ನಮ್ಮ ಥೇಟರಿನ್ಯಾಗ ಇಲಿ ಭಾಳ ಆಗ್ಯಾವರಿ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಕೊನೆಗೆ ಮದುವೆ ಬರುತ್ತದಲ್ಲ, ಅದಕ್ಕೆ ಹೆಣ್ಣುಮಕ್ಕಳು ಮನೆಯಿಂದಲೇ ಅಕ್ಷತೆ ಸೆರಗಿನಲ್ಲಿ ಗಂಟು ಹಾಕಿಕೊಂಡು ಬರುತ್ತಾರೆ. ಪರದೆಯ ಮೇಲೆ ಮಂಗಲಾಷ್ಟಕ ಶುರುವಾಯಿತೋ, ಹೆಂಗಸರಿಗೆಂದೇ ಬೇರೆ ಇಟ್ಟ ಬಾಜಿನವರೆಲ್ಲ ಎದ್ದು ನಿಂತು ವಧೂವರರ ಕಡೆಗೆ ಎರಚುತ್ತಾರೆ. ಅದು ಪರದೆಗೆ ಮುಟ್ಟದೆ ಮುಂದೆ ನೆಲದ ಟಿಕೆಟ್ಟಿನಲ್ಲಿ ಕೂತ ಗಂಡಸರ ತಲೆಯ ಮೇಲೆ ಬೀಳುತ್ತದೆ. "ದಿನಾ ಗುಡಿಸಿ ಗುಡಿಸಿ ಸಾಕಾಗೇತ್ರಿ. ನಾ ಹೇಳಿದರ ಹೆಣ್ಣಮಕ್ಕಳು ನನಗ ಬೈಯಾಕತ್ತಾರ. ನೀವು ಕತಿ ಬರದವರು, ನಿಮ್ಮ ಮಾತು ಕೇಳತಾರ. ಒಂದು ಸಲ ಬಂದು ಹೇಳ್ರಿ."

ನಾನು ಹರ್ಷದಿಂದ ಒಪ್ಪಿದೆ. ಅಷ್ಟು ಜನರ ಎದುರಿಗೆ ನಿಂತು "ತಾಯಂದಿರೇ, ಈ ಮದುವೆ ಆಗಿಯೇ ಇಲ್ಲ, ಪುಸ್ತಕ ತೆಗೆದು ನೋಡಿರಿ" ಎಂದು ಹೇಳುವ ಅವಕಾಶ ಯಾವ ಲೇಖಕನಿಗೆ ಸಿಕ್ಕೀತು? ಶನಿವಾರ ಮುಂಜಾನೆಯ ಸಾಲಿ ಮುಗಿಸಿ ಮ್ಯಾಟಿನಿಗೆ ಹೋದೆ. ಅಕ್ಕನೂ ಅಂದು ಮನೆಯಲ್ಲಿರಲಿಲ್ಲ. ಒಂದು ತಿಂಗಳಿಂದ ಪ್ರತಿ ಶನಿವಾರ ಹುಬ್ಬಳ್ಳಿಯಲ್ಲಿ ಗೆಳತಿಗೆ ಮೈ ನೆಟ್ಟಗಿಲ್ಲವೆಂದು ನೋಡಲು ಹೋಗುತ್ತಿದ್ದಳು.

ಮದುವೆಯ ದೃಶ್ಯಕ್ಕೆ ಮುಂಚೆ ಮ್ಯಾನೇಜರರು ನನ್ನನ್ನು ಹೆಂಗಸರ ಬಾಜಿನ ಎದುರಿಗೆ ತಂದು ನಿಲ್ಲಿಸಿ, ನನ್ನ ಮುಖ ಕಾಣಲೆಂದು ಬ್ಯಾಟರಿ ಹಚ್ಚಿದರು. ಬೆಳಕು ನನ್ನನ್ನು ತಪ್ಪಿ ಮೂರನೆಯ ಸಾಲಿನ ಮೇಲೆ ಬಿತ್ತು. ಅಲ್ಲಿ ಅಕ್ಕ ಎದ್ದು ನಿಂತಿದ್ದಳು. ಮುಷ್ಟಿ ಬಿಗಿಯಾಗಿತ್ತು. ಕಣ್ಣು ನನ್ನ ಮೇಲಿರಲಿಲ್ಲ, ಪರದೆಯ ಮೇಲಿತ್ತು.

ನಮ್ಮಲ್ಲಿ ಗಂಡ ಸತ್ತವರು ಅಕ್ಷತೆ ಹಾಕುವುದಿಲ್ಲ. ಮುಹೂರ್ತದ ಹೊತ್ತಿಗೆ ಮುಂದೆ ಬರುವುದೂ ಇಲ್ಲ. ನನ್ನನ್ನು ಬೆಳೆಸಿದವಳು ನನ್ನ ಮದುವೆಯಲ್ಲಿ ಮಂಗಲಾಷ್ಟಕ ಮುಗಿಯುವ ತನಕ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ನಾನು ಕರೆಯಲಿಲ್ಲ. ಕರೆಯಬೇಕೆಂದು ನನಗೆ ಹೊಳೆಯಲೂ ಇಲ್ಲ.

"ಮಾತಾಡ್ರಿ ಮಾಸ್ತರ," ಎಂದು ಮ್ಯಾನೇಜರರು ತಿವಿದರು. ಮಂಗಲಾಷ್ಟಕ ಶುರುವಾಯಿತು. ಎಲ್ಲರೂ ಎರಚಿದರು, ಅಕ್ಕನೂ ಎರಚಿದಳು, ಅಡ್ಡ ನಿಂತಿದ್ದ ನನ್ನ ಮೇಲೆ ಅಷ್ಟೂ ಬಿತ್ತು. ಮ್ಯಾನೇಜರರು ನನ್ನ ಅಂಗಿ ಝಾಡಿಸುತ್ತ, "ನೀವೂ ಅಷ್ಟ ಅದೀರಿ ಬಿಡ್ರಿ" ಎಂದು ಹೊರಗೆ ಕಳಿಸಿದರು.

ಧಾರವಾಡದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಉಣಕಲ್ಲ ಕೆರೆ ದಾಟಿದ ಮೇಲೆ ನಾನು ಕೇಳಿದೆ.

"ಎಷ್ಟನೇ ಸಲ ಅಕ್ಕಾ?"

"ನಾಲ್ಕನೇದು."

"ಆ ಮದುವಿ ನಾ ಬರದದ್ದಲ್ಲ. ಮದರಾಸಿನವರು ಹಚ್ಚಿದ್ದು. ನನ್ನ ಪುಸ್ತಕದಾಗ ಆಕಿ ಒಬ್ಬಾಕೀನ ಹೋಗತಾಳ."

"ಗೊತ್ತದ. ಎರಡು ಸಲ ಓದೇನಿ."

"ಮತ್ತ ಒಂದು ಮಾತೂ ಅನ್ನಲಿಲ್ಲಲ್ಲ?"

"ಏನನ್ನಲಿ? ಒಬ್ಬಾಕೀನ ಇದ್ದು ಆಕಿ ತೃಪ್ತಳಾದಳು ಅಂತ ಬರದೀ. ನನ್ನ ಕೇಳಿದ್ದೇನು?"

ಬಸ್ಸಿನಲ್ಲಿ ಅಳುವುದು ನಾಚಿಕೆ ಎಂದು ಕಿಟಕಿಯ ಕಡೆ ತಿರುಗಿದೆ. "ನಿನ್ನ ದೊಡ್ಡಾಕಿನ್ನ ಮಾಡಬೇಕಂತ ಹಂಗ ಬರದೆ ಅಕ್ಕಾ."

"ಮಾಡಿದೀಯಪಾ. ಮುನ್ನೂರು ಪುಟ ದೊಡ್ಡಾಕಿನ್ನ ಮಾಡಿದಿ. ಮಾಡಿ, ಕಡೀಕ ಉರಿಬಿಸಿಲಾಗ ಗರಗಕ್ಕ ನಡಸಿದಿ." ಸೆರಗಿನ ಗಂಟಿನಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ಬಿಡಿಸಿ ಕಿಟಕಿಯ ಹೊರಗೆ ಚೆಲ್ಲಿದಳು. ನವಲೂರು ಬಂದಾಗ ಕೇಳಿದಳು:

"ಅಲ್ಲೋ, ಪುಸ್ತಕದಾಗಿನ ಮದುವಿ ಅದು. ಹಂದರಾ ಹಾಕಬೇಕಾಗಿತ್ತೋ, ಭಟ್ಟರ ಕಾಲು ಹಿಡೀಬೇಕಾಗಿತ್ತೋ, ಊರಿಗೆಲ್ಲಾ ಊಟಕ್ಕ ಹಾಕಬೇಕಾಗಿತ್ತೋ? ಒಂದು ಸಾಲು ಬರದುಬಿಟ್ಟಿದ್ದರ ಆಗಿಹೋಗತಿತ್ತು. ಸ್ವಂತ ಅಕ್ಕಗ ಅಷ್ಟು ಮಾಡಲಿಕ್ಕೂ ಕೈ ಬರಲಿಲ್ಲೇನು ನಿನಗ?"