ಕಾರಿನ ಹೊಟ್ಟೆಗೊಂದು ಲೇಪ

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ, ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಯುವ ಮೊದಲೇ ಒಪ್ಪಿಗೆ ಕೊಟ್ಟಿದ್ದರಂತೆ. ಅದೇ ಮನುಷ್ಯ ತನ್ನ ಹಳೆಯ ಅಂಬಾಸಿಡರ್ ಕಾರಿನ ಹೊಟ್ಟೆಗೆ ಏನು ಬಳಿಯಬೇಕೆಂದು ತೀರ್ಮಾನಿಸಲು ಒಂದಿಡೀ ಮಳೆಗಾಲ ತೆಗೆದುಕೊಂಡರು! ಮೇಲಿನ ಬಣ್ಣವಲ್ಲ, ಕೆಳಗಿನದು. ಎಮ್ಮೆಯ ಹೊಟ್ಟೆಗೆ ಯಾರಾದರೂ ಪೌಡರ್ ಹಚ್ಚುತ್ತಾರೆಯೇ?

ನರಗುಂದಕ್ಕೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ನಾನು ಮಾಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಕಡೆಯ ಎರೆಮಣ್ಣು ಕಾರಿನ ಅಡಿಗೆ ಅಂಟಿತೆಂದರೆ ತಿಂಗಳುಗಟ್ಟಲೆ ಹಸಿಯಾಗಿ ಕೂತು ತಗಡು ತಿನ್ನುತ್ತದೆ. ಹಿಂದಿನ ವರ್ಷ ಕೊಣ್ಣೂರಿನಿಂದ ಬರುವಾಗ ತುಕ್ಕು ಹಿಡಿದ ತಗಡು ಅತ್ತೆಯ ಪಾದದಡಿಯೇ ಕುಸಿದಿತ್ತು. ಮಾಮ ಗಕ್ಕನೆ ನಿಲ್ಲಿಸಿದ್ದರಿಂದ ಕಾಲು ಉಳಿಯಿತು. ಇಳಿದ ಅತ್ತೆ, "ಇನ್ನ ನಾ ಈ ಗಾಡಿ ಹತ್ತಂಗಿಲ್ರಿ" ಎಂದವರೇ ಬಸ್ಸು ಹಿಡಿದರು. ಮಾಮ ಖಾಲಿ ಕಾರು ನಡೆಸುತ್ತ ಬಸ್ಸಿನ ಹಿಂದೆಯೇ ಮನೆಗೆ ಬಂದರು.

ಅಂದಿನಿಂದ ಅವರದು ಒಂದೇ ಹಟ: ಅತ್ತೆ ಮತ್ತೆ ಮುಂದಿನ ಸೀಟಿನಲ್ಲಿ ಕೂರಬೇಕು. ಹೊಸ ತಗಡು ಹಾಕಿಸಿದರು. ಅದಕ್ಕೆ ಲೇಪ ಯಾವುದು? ಗ್ಯಾರೇಜಿನ ಸಾಹೇಬರು ಡಾಂಬರಿನದು ಎಂದರು. ಹುಬ್ಬಳ್ಳಿಯ ಅಂಗಡಿಯವ ರಬ್ಬರಿನದು ಎಂದ. ಯಾವಗಲ್ ಎಂಬ ಊರಿನ ಅಜ್ಜನೊಬ್ಬ, ಹಿಂದೆ ಬಾವಿಯ ನೀರೆತ್ತುವ ತೊಗಲಿನ ಚೀಲಕ್ಕೆ ಹಚ್ಚುತ್ತಿದ್ದಂತೆ ಕುಸುಬೆ ಎಣ್ಣೆ ಕಾಸಿ ಹಚ್ಚಲು ಹೇಳಿದ. ಮಾಮ ಹಿತ್ತಲಲ್ಲಿ ಎಣ್ಣೆ ಕಾಸಿದ ದಿನ, ಮಿರ್ಚಿ ಕರಿಯುತ್ತಿದ್ದಾರೆಂದು ಓಣಿಯ ಇಬ್ಬರು ಬಂದು ಕೂತು, ಬರೀ ನೀರು ಕುಡಿದು ಎದ್ದುಹೋದರು.

ಮೂವರಲ್ಲಿ ಯಾರನ್ನೂ ಮಾಮ ನಂಬಲಿಲ್ಲ. ಅತ್ತೆಯ ಎಣ್ಣೆ ಡಬ್ಬಿ ಕತ್ತರಿಸಿ ಮೂರು ತಗಡು ಮಾಡಿ, ಒಂದೊಂದಕ್ಕೆ ಒಂದೊಂದು ಲೇಪ ಬಳಿದು, ಪಕ್ಕದ ಮನೆಯವರ ಟ್ರ್ಯಾಕ್ಟರ್ ಟ್ರೇಲರಿನ ಅಡಿಗೆ ಕಟ್ಟಿದರು. ಅದು ಹೊಲದಿಂದ ಬಂದೊಡನೆ ಹೋಗಿ ಬಗ್ಗಿ ನೋಡುವುದು ದಿನಚರಿಯಾಯಿತು.

"ಕಾಕಾ, ಗಾಡಿ ನಂದು, ನೀವ್ಯಾಕ ದಿನಾ ಕೆಳಗ ತೂರತೀರಿ?" ಎಂದು ಪಕ್ಕದ ಮನೆಯಾತ ಕೇಳಿದರೆ,

"ಜ್ವರ ಐತೇನು ನೋಡಾಕತ್ತೀನೋ" ಎನ್ನುವರು.

ದಸರೆಯ ಹೊತ್ತಿಗೆ ಡಾಂಬರು ಬಿರುಕು ಬಿಟ್ಟು ಒಳಗೆ ನೀರು ಹಿಡಿದಿತ್ತು. ಕುಸುಬೆ ಎಣ್ಣೆಯ ತಗಡಿಗೆ ಅರ್ಧ ಹೊಲವೇ ಅಂಟಿತ್ತು. ರಬ್ಬರು ಗೆದ್ದಿತು. ಅದನ್ನೇ ಕಾರಿಗೆ ಎರಡು ಸಲ ಬಳಿದು, ಒಣಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಾಮ ಅತ್ತೆಯನ್ನು ಕರೆದರು.

"ಬಾ, ಕೂಡು. ಗಟ್ಟಿ ಆಗೇತಿ."

"ಹ್ವಾದ ವರ್ಸನೂ ಗಟ್ಟಿ ಐತಿ ಅಂದಿದ್ರಿ."

ಮೂರು ತಿಂಗಳು ಓಣಿಗೆಲ್ಲ ಲೇಪದ ಪಾಠ ಹೇಳಿದ್ದ ಮಾಮ, ಆ ಬಿಳಿ ಅಂಗಿಯಲ್ಲೇ ಕಾರಿನ ಕೆಳಗೆ ತೂರಿ, ಅತ್ತೆಯ ಸೀಟಿನ ನೇರಕ್ಕೆ ಅಂಗಾತ ಮಲಗಿದರು.

"ಈಗ ಹತ್ತು. ಜೋರ ತುಳಿ. ಮುರದ್ರ ನನ್ನ ಎದಿ ಮ್ಯಾಲ ಬೀಳ್ತಿ."

ಅತ್ತೆ ಚಪ್ಪಲಿ ಬಿಚ್ಚಿಟ್ಟು ಹತ್ತಿದರು. ತುಳಿಯಲಿಲ್ಲ. ಒಂದು ಪಾದ ಮೆತ್ತಗೆ ಇಟ್ಟರು, ಆಮೇಲೆ ಇನ್ನೊಂದು. ಸೆರಗು ಸರಿಮಾಡಿಕೊಂಡು ಕೂತು ಹೇಳಿದರು:

"ಏಳ್ರಿ, ಅಂಗಿ ಹೊಲಸಾತು. ಕೊಣ್ಣೂರಿಗೆ ಹೋಗಿ ಬರೂಣು."