ಬೈಂಡರ್ ಬಿತ್ತಿದ ಡೇಸಿ

“ಮೂರೇ ತಿಂಗಳು! ಆಮೇಲೆ ಈ ಅಂಗಳದಲ್ಲಿ ಹುಲ್ಲು ಅನ್ನೋ ಪದಾರ್ಥ ಇರಲ್ಲ. ಬರೀ ಹೂವಿನ ಜಮಖಾನ!” ಎಂದು ಬೈಂಡರ್ ಹೆಂಡತಿಯ ಮುಂದೆ ಘೋಷಿಸಿದ. ಕೈಯಲ್ಲಿ ಪುಟಾಣಿ ಡೇಸಿಯ ಬೀಜದ ಪೊಟ್ಟಣ. ಕೊಟ್ಟವನು ಪ್ರೂಫ್ ರೀಡರ್. ಒಂದೇ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅವನು ತಪ್ಪು ಹುಡುಕಿದ, ಇವನು ಪುಸ್ತಕ ಹೊಲಿದ. ಮಧ್ಯಾಹ್ನದ ಡಬ್ಬಿ ಮಾತ್ರ ಇಬ್ಬರದೂ ಒಂದೇ. ಪೊಟ್ಟಣ ಕೊಟ್ಟ ಮರುವಾರವೇ ಅವನು ತೀರಿಕೊಂಡ.

ಅಂದಿನಿಂದ ಅವನ ಹೆಂಡತಿ ಮನೆಯ ಹೊಸಿಲು ದಾಟಿರಲಿಲ್ಲ. “ಅವನ ಡೇಸಿ ಹೂ ಬಿಟ್ಟ ದಿನ ಹೇಳಿ ಕಳಿಸ್ತೀನಿ. ಬರ್ತೀರಾ ಅತ್ತಿಗೆ?” ಎಂದು ಬೈಂಡರ್ ಕೇಳಿದ್ದಕ್ಕೆ, “ಹೂವಾದ್ರೆ ಬರ್ತೀನಿ” ಅಂದಿದ್ದಳು. ಇನ್ನು ಇದು ತೋಟಗಾರಿಕೆಯೇ? ಮಹಾಯಜ್ಞ!

ಬೀಜವೋ ನಶ್ಯಕ್ಕಿಂತ ನಯ. ಸೀನಿದರೆ ಅರ್ಧ ತೋಟ ಪಕ್ಕದ ಮನೆಗೆ! ಒಣ ಮರಳಿನಲ್ಲಿ ಬೆರೆಸಿ ಉದುರಿಸಬೇಕು. ಖಾಲಿ ಹಾಳೆಗಳ ಡಮ್ಮಿ ಕಟ್ಟಿ ನೋಡದೆ ಬೈಂಡರ್ ಯಾವ ಪುಸ್ತಕಕ್ಕೂ ಕೈಹಾಕಿದವನಲ್ಲ. ಇಲ್ಲೂ ಅದೇ ಶಿಸ್ತು. ಒಂದು ಡಬ್ಬಿಯಲ್ಲಿ ಬೀಜದ ಮರಳು, ಅಂಥದೇ ಇನ್ನೊಂದರಲ್ಲಿ ಕೈ ಪಳಗಿಸಲು ಬರೀ ಮರಳು.

“ಬಿತ್ತೋದಕ್ಕೂ ರಿಹರ್ಸಲ್ಲೇನ್ರೀ?”

“ನಿನಗೇನು ಗೊತ್ತು? ಕೈಗೆ ಹದ ಸಿಗಬೇಕು!”

ಹದ ಸಿಕ್ಕಿತು. ಕೈಕಾಲು ತೊಳೆದು ಬಂದು, ಗೆಳೆಯನನ್ನು ನೆನೆದು, ಡಬ್ಬಿ ಎತ್ತಿ ಗಂಭೀರವಾಗಿ ಬಿತ್ತಿದ. ದಿನಕ್ಕೆರಡು ಸಲ ನೀರು. ಬೆಕ್ಕು ಇಣುಕಿದರೂ ಗದರಿಕೆ. ಎರಡೂವರೆ ತಿಂಗಳಾದರೂ ಒಂದೂ ಮೊಳಕೆಯಿಲ್ಲ! “ಕೊನೇ ಸಲ ಕೊಟ್ಟಿದ್ದನ್ನೂ ಉಳಿಸ್ಕೊಳ್ಳಲಿಲ್ಲ ನಾನು” ಎಂದು ಬೈಂಡರ್ ಊಟ ಕಡಿಮೆ ಮಾಡಿದ.

ಒಂದು ಬೆಳಿಗ್ಗೆ ಹೆಂಡತಿ ಗೇಟಿನ ಹತ್ತಿರದಿಂದ ಕೂಗಿದಳು. “ರೀ, ದಾರಿ ಕಲ್ಲಿನ ಸಂದೀಲಿ ಕಳೆ ಬಂದಿತ್ತಲ್ಲ, ಅದು ಮೊಗ್ಗು ಬಿಟ್ಟಿದೆ!”

ಬೈಂಡರ್ ಮಂಡಿಯೂರಿ ನೋಡಿದ. ಕಳೆಯಲ್ಲ, ಡೇಸಿ! “ಈ ಸಂದಿಗೆ ಮರಳು ತುಂಬಿದ್ದು ಯಾರು?”

“ಗಾರೆ ಕೆಲಸದವನು. ಕಲ್ಲು ಅಲ್ಲಾಡ್ತಿತ್ತಲ್ಲ? ಮರಳು ಕೇಳಿದ, ಮಿಕ್ಕಿದ್ದ ರಿಹರ್ಸಲ್ ಡಬ್ಬಿ ಕೊಟ್ಟೆ.”

“ಅದು ಅಸಲು ಡಬ್ಬಿ ಕಣೇ!”

“ಹಾಗಾದ್ರೆ ನೀವು ಇಷ್ಟು ದಿನ ನೀರು ಹಾಕಿದ್ದು ಯಾವುದಕ್ಕೆ?”

ಎರಡೂವರೆ ತಿಂಗಳು ಮರಳು ಸಾಕಿದ್ದ ಪುಣ್ಯಾತ್ಮ!

ಅಂದಿನಿಂದ ಮುಂಬಾಗಿಲ ದಾರಿ ಬಂದ್. ಅಂಚೆಯವನು ಗೋಡೆ ಹತ್ತಿದ, ಹೆಂಡತಿ ಹಿತ್ತಿಲು ಸುತ್ತಿದಳು. ಹೂವರಳಿತು, ಹೇಳಿ ಕಳಿಸಿದ್ದೂ ಆಯಿತು. ಗೇಟು ಕಿರುಗುಟ್ಟಿದಾಗ ಬೈಂಡರ್ ಕತ್ತರಿ ಹಿಡಿದು ಪ್ರತಿ ಗಿಡಕ್ಕೂ ರಟ್ಟಿನ ಬೇಲಿ ಕತ್ತರಿಸುತ್ತ ಕೂತಿದ್ದ.

“ಅತ್ತಿಗೆ, ನಿಲ್ಲಿ! ತುಳೀಬೇಡಿ! ಹಿತ್ತಿಲ ಕಡೆಯಿಂದ…”

ಆಕೆ ಚಪ್ಪಲಿ ಬಿಟ್ಟು, ಹೂವಿನ ಮೇಲೆ ಅಂಗಾಲು ಊರಿಕೊಂಡು, ನಿಧಾನವಾಗಿ ಜಗುಲಿವರೆಗೂ ನಡೆದು ಬಂದಳು. ಹಿಂದೆ ಹೂಗಳು ಒಂದೊಂದಾಗಿ ತಲೆಯೆತ್ತಿದವು.

“ತುಳಿದ್ರೆ ಸಾಯಲ್ಲ ಇದು. ನಮ್ಮಲ್ಲಿ ಅವರು ಇದರ ಮೇಲೇ ಕುರ್ಚಿ ಹಾಕ್ಕೊಂಡು ನಿಮ್ಮನ್ನ ಬೈತಿದ್ರು.”

“ಏನಂತ ಬೈತಿದ್ದ?”

ಆಕೆಯ ಕಣ್ಣು ತುಂಬಿತ್ತು. ತುಟಿ ಮಾತ್ರ ನಗುತ್ತಿತ್ತು. “‘ಬೈಂಡರ್‌ಗೆ ಬೀಜ ಕೊಟ್ಟಿದೀನಿ. ಅದಕ್ಕೂ ರಟ್ಟು ಹಾಕ್ತಾನೆ ನೋಡ್ತಿರು’ ಅಂತ.”

ಬೈಂಡರ್ ಮೆಲ್ಲಗೆ ಎರಡೂ ಕೈ ಬೆನ್ನ ಹಿಂದಕ್ಕೆ ಒಯ್ದ.